ಹಿತ್ತಲ ಓಕ್ ಮರದ ಮೂರು ಕೊಂಬೆ

ನಾವಿರೋದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿ. ಮನೆ ಕೊಂಡಾಗ ಲಾಯರ್ ಕಳಿಸಿದ ಕಾಗದದ ಕಟ್ಟಿನಲ್ಲಿ ‘ಟಿಪಿಒ’ ಅಂತ ಒಂದು ಸಾಲಿತ್ತು, ಟ್ರೀ ಪ್ರಿಸರ್ವೇಶನ್ ಆರ್ಡರ್. ಅಂದರೆ ಕೌನ್ಸಿಲ್, ಇಲ್ಲಿಯ ಸ್ಥಳೀಯ ಆಡಳಿತ, ಒಪ್ಪದೆ ಹಿತ್ತಲ ಓಕ್ ಮರವನ್ನು ಕಡಿಯೋ ಹಾಗಿಲ್ಲ ಅನ್ನೋ ಆದೇಶ. ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಎರಡು ವರ್ಷ ಆದಮೇಲೆ ಓಕ್ ಕೊಂಬೆಗಳು ಸೂರಿಗೆ ತಾಗತೊಡಗಿದವು. ಸೂರಂಚಿನ ದೋಣಿ, ಇಲ್ಲಿಯವರ ಗಟರ್, ತುಂಬಾ ಎಲೆ. ಗರಗಸದವನಿಗೆ ಫೋನ್ ಮಾಡಿ ದಿನವನ್ನೂ ಗೊತ್ತು ಮಾಡಿದ್ದೆ. ಪಕ್ಕದ ಮನೆಯ ಹಿರಿಯರು ಬೇಲಿ ಮೇಲಿಂದ ಬಗ್ಗಿ, ‘ಕೌನ್ಸಿಲ್‌ಗೆ ಕೇಳಿದ್ದೀರಾ?’ ಅಂದರು. ಅಷ್ಟೇ ನನ್ನನ್ನು ಉಳಿಸಿದ್ದು. ಇಂಥ ಮರ ಕಡಿದು ಹಾಕಿದರೆ ಕೋರ್ಟಿನ ದಂಡಕ್ಕೆ ಮಿತಿಯೇ ಇಲ್ಲ. ಕಡಿದವನ ಜೊತೆ ಕಡಿಸಿದವನೂ ಸಿಕ್ಕಿಬೀಳುತ್ತಾನೆ. ನನ್ನ ಹಿತ್ತಲು, ನನ್ನ ಮರ ಅನ್ನೋ ಮಾತು ನಡೆಯೋದಿಲ್ಲ. ಕರ್ನಾಟಕದ ನಮ್ಮ ಊರಲ್ಲೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಆದರೆ ಅಪ್ಪ ಕಡಿಸಿದ್ದೆಲ್ಲ ತೆಂಗು, ಸಿಲ್ವರ್ ಓಕ್. ಅವಕ್ಕೆ ಅನುಮತಿ ಬೇಕಿಲ್ಲ, ಹಾಗಾಗಿ ನನಗೆ ಆ ಅಭ್ಯಾಸವೇ ಇರಲಿಲ್ಲ.

ಅರ್ಜಿಗೆ ದುಡ್ಡಿಲ್ಲ. ಆನ್‌ಲೈನಲ್ಲೇ ತುಂಬಿಸಬಹುದು. ನಾನು ಬರೆದಿದ್ದು ಹೀಗೆ: ಎಲೆ ಉದುರುತ್ತದೆ, ಅಡುಗೆಮನೆಗೆ ಬೆಳಕು ಬರೋದಿಲ್ಲ, ಮರವನ್ನು 30 ಶೇಕಡಾ ಚಿಕ್ಕದು ಮಾಡಬೇಕು. ಏಳನೇ ವಾರ ಉತ್ತರ ಬಂತು. ಇಲ್ಲ. ಓದಿದಾಗ ಸಿಟ್ಟು ಬಂತು, ಆಮೇಲೆ ಅರ್ಥ ಆಯಿತು. ಮರ ಅಂದ ಮೇಲೆ ಎಲೆ ಉದುರೋದೇ ಅಲ್ವಾ? ಅದನ್ನು ಕಾರಣ ಅಂತ ಅವರು ಒಪ್ಪೋದಿಲ್ಲ. 30 ಶೇಕಡಾ ಅಂದರೆ ಯಾವ ಕೊಂಬೆ, ಎಷ್ಟು ಉದ್ದ? ಅದೂ ನನ್ನ ಅರ್ಜಿಯಲ್ಲಿರಲಿಲ್ಲ. 28 ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು, ಹಾಕಲಿಲ್ಲ. ತಪ್ಪು ನನ್ನದೇ.

ಎರಡನೇ ಸಲ ಒಬ್ಬ ಟ್ರೀ ಸರ್ಜನ್‌ನನ್ನು, ಅಂದರೆ ಮರ ಪರೀಕ್ಷಿಸಿ ಕೊಂಬೆ ಕತ್ತರಿಸೋ ಪರಿಣತನನ್ನು, ಕರೆಸಿದೆ. ಅವನು ಮೊದಲು ಗರಗಸ ಮುಟ್ಟಲಿಲ್ಲ. ನೈಲಾನ್ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ, ಕಿವಿ ಕೊಟ್ಟು ಕೇಳುತ್ತಾ ನಡೆದ, ಮಾರುಕಟ್ಟೆಯಲ್ಲಿ ಕಲ್ಲಂಗಡಿ ತಟ್ಟಿ ನೋಡ್ತೀವಲ್ಲ, ಹಾಗೆ. ಕಾಂಡ ಗಟ್ಟಿ. ಮೇಲೆ ಮೂರ್ನಾಲ್ಕು ಒಣಗಿದ ಕೊಂಬೆ ಇದ್ದವು, ಅವನ್ನು ತೆಗೆಯಲು ಅನುಮತಿಯೇ ಬೇಡವಂತೆ! ಅವತ್ತೇ ತೆಗೆಸಿದೆ, ಮೊದಲು ಫೋಟೋ ತೆಗೆದಿಟ್ಟುಕೊಂಡು. ಯಾರಾದರೂ ದೂರು ಕೊಟ್ಟರೆ ಒಣಗಿತ್ತು ಅಂತ ತೋರಿಸಬೇಕಾದವರು ನಾವೇ.

ಹಸಿ ಕೊಂಬೆಗೆ ಹೊಸ ಅರ್ಜಿ. ಮನೆ ಕಡೆಯ ಮೂರು ಕೊಂಬೆ, ಸೂರಿನಿಂದ 2 ಮೀಟರ್ ಅಂತರ ಬರುವಷ್ಟು, ಫೋಟೋ ಮೇಲೆ ಕೆಂಪು ಗೆರೆ, ಮರ ಎಲ್ಲಿದೆ ಅಂತ ಒಂದು ನಕ್ಷೆ. ಎಂಟು ವಾರದೊಳಗೆ ಒಪ್ಪಿಗೆ ಬಂತು. ಎರಡು ವರ್ಷದೊಳಗೆ ಕೆಲಸ ಮುಗಿಸಬೇಕು ಅಂತ ಷರತ್ತು. ಎಂಟು ವಾರ ಕಳೆದರೂ ಉತ್ತರ ಬರದಿದ್ದರೆ ಸುಮ್ನೆ ಕಡಿಯೋ ಹಾಗಿಲ್ಲ, ಇದು ನೆನಪಿರಲಿ.

ಮುಂದಿನ ಅಂಗಳದ ಬರ್ಚ್ ಮರದ ಕತೆ ಬೇರೆ. ಅದಕ್ಕೆ ಟಿಪಿಒ ಇಲ್ಲ, ಆದರೆ ಹಳ್ಳಿ ಕನ್ಸರ್ವೇಶನ್ ಏರಿಯಾದಲ್ಲಿದೆ, ಅಂದರೆ ಹಳೆಯ ಸ್ವರೂಪ ಕಾಪಾಡಲು ಗುರುತಿಸಿದ ಪ್ರದೇಶದಲ್ಲಿ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡ 75 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಆರು ವಾರ ಮೊದಲೇ ತಿಳಿಸಬೇಕು. ಅಲ್ಲಿ ಮಾತ್ರ, ಕೌನ್ಸಿಲ್ ಸುಮ್ಮನಿದ್ದರೆ ಮುಂದುವರಿಯಬಹುದು.

ಹಕ್ಕಿಗಳ ಗೂಡಿನ ಕಾಲ ಕಳೆಯಲಿ ಅಂತ ಅಕ್ಟೋಬರ್‌ವರೆಗೆ ಕಾದೆವು. ಹಗ್ಗ ಕಟ್ಟಿಕೊಂಡು ಹತ್ತಿದ ಹುಡುಗ, ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರದಂಥ ಭಾಗವನ್ನು ಬಿಟ್ಟು ಅದರ ಹೊರಗೆ ಕತ್ತರಿಸಿದ. ಗಾಯಕ್ಕೆ ಏನೂ ಹಚ್ಚಲಿಲ್ಲ. ಊರಲ್ಲಿ ಸಗಣಿ ಮೆತ್ತುತ್ತಿದ್ದೆವು ಅಂದೆ. ನಕ್ಕು, ಮರ ತಾನೇ ಮುಚ್ಚಿಕೊಳ್ಳುತ್ತದೆ ಅಂದ.

ಕೊಂಬೆ ತುಂಡುಗಳನ್ನು ಪಕ್ಕದ ಮನೆಯ ಹಿರಿಯರು ಒಲೆಗೆ ಒಯ್ದರು. ನವೆಂಬರ್‌ನಲ್ಲಿ ನಾನಂತೂ ಏಣಿ ಹತ್ತಿ ದೋಣಿಯ ಎಲೆ ತೆಗೆದೆ. ಆ ಕೆಲಸ ಮಾತ್ರ ತಪ್ಪಲಿಲ್ಲ.