ಎಲ್‌ಎಫ್‌ಒ: ರೇಟ್‌ಗಿಂತ ಡೆಪ್ತ್‌ನದೇ ಕೆಲಸ

ಅನಲಾಗ್ ಸಿಂಥಸೈಜರ್‌ನಲ್ಲಿ ಹೊಸ ಸೌಂಡ್ ಕಟ್ಟುವಾಗ ನಾನು ಎಲ್‌ಎಫ್‌ಒಗೆ (ಲೋ ಫ್ರೀಕ್ವೆನ್ಸಿ ಆಸಿಲೇಟರ್: ತಾನು ಕೇಳಿಸದೆ, ಶ್ರುತಿ, ಫಿಲ್ಟರ್ ಮುಂತಾದವನ್ನು ಓಲಾಡಿಸುವ ನಿಧಾನದ ಅಲೆ) ಕೈ ಹಾಕುವುದು ಕೊನೆಗೆ. ಸದ್ದು ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಸ್ವರದ ಏರಿಳಿತ ನಿರ್ಧರಿಸುವ ಎನ್ವಲಪ್ ಮೂರೂ ಹದಕ್ಕೆ ಬಂದಿರಬೇಕು. ಮೊದಲು ಡೆಪ್ತನ್ನು (ಓಲಾಟ ಎಷ್ಟು ದೊಡ್ಡದು ಎಂಬುದನ್ನು) ಬೇಕೆಂದೇ ಅತಿಯಾಗಿ ಏರಿಸುತ್ತೇನೆ. ಅಲೆ ಕಿವಿಗೆ ಹೊಡೆಯುವಂತಿರುವಾಗ ರೇಟ್ (ಅಲೆಯ ವೇಗ) ಹೊಂದಿಸುವುದು ಸುಲಭ. ಆಮೇಲೆ ಡೆಪ್ತ್ ಇಳಿಸುತ್ತಾ ಬಂದು, ಇದೆಯೋ ಇಲ್ಲವೋ ಅನ್ನುವಲ್ಲಿ ನಿಲ್ಲಿಸಿ, ಒಮ್ಮೆ ಪೂರ್ತಿ ಸೊನ್ನೆ ಮಾಡಿ ಕೇಳುತ್ತೇನೆ. ಸೌಂಡ್ ಸಪ್ಪೆಯಾಯಿತು ಅನ್ನಿಸಿದರೆ ಅಳತೆ ಸರಿ.

ವೈಬ್ರೇಟೊಗೆ, ಅಂದರೆ ಶ್ರುತಿಯ ಕಂಪನಕ್ಕೆ, ಟ್ರಯಾಂಗಲ್ ಅಲೆ, 5–6 ಹರ್ಟ್ಸ್ ಸಾಕು. ಅದನ್ನು ಸದಾ ಓಡಲು ಬಿಡುವುದಿಲ್ಲ. ಮಾಡ್ಯುಲೇಶನ್ ವೀಲ್‌ಗೆ ಕೊಟ್ಟು, ಉದ್ದದ ಸ್ವರಗಳಲ್ಲಿ ಮಾತ್ರ ಎತ್ತುತ್ತೇನೆ. ರೋಲ್ಯಾಂಡ್ ಜೂನೊ-60ರಲ್ಲಿ ಇದಕ್ಕೇ ಡಿಲೇ ಸ್ಲೈಡರ್ ಇದೆ: ಕೀ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಕಂಪನ ತಾನಾಗಿ ಸೇರಿಕೊಳ್ಳುತ್ತದೆ. 1970ರ ಮಿನಿಮೂಗ್‌ನಲ್ಲಂತೂ ಪ್ರತ್ಯೇಕ ಎಲ್‌ಎಫ್‌ಒ ಇಲ್ಲ. ಮೂರನೇ ಆಸಿಲೇಟರನ್ನು ‘ಲೋ’ ರೇಂಜಿಗೆ ಇಳಿಸಿ ದುಡಿಸಿಕೊಳ್ಳಬೇಕು. ಅದನ್ನು ಕೀಬೋರ್ಡಿನಿಂದ ಬಿಡಿಸುವ ಸ್ವಿಚ್ಚೂ ಇದೆ. ನಾನು ಕೆಲವೊಮ್ಮೆ ಬಿಡಿಸುವುದಿಲ್ಲ. ಆಗ ಮೇಲಿನ ಸ್ವರಗಳಿಗೆ ಹೋದಂತೆ ಕಂಪನವೂ ಚುರುಕಾಗುತ್ತದೆ, ಲೀಡ್‌ಗೆ (ಮುಖ್ಯ ರಾಗ ನುಡಿಸುವ ಸೌಂಡ್‌ಗೆ) ಅದು ಚೆನ್ನ.

ಎಲ್‌ಎಫ್‌ಒವನ್ನು ಫಿಲ್ಟರ್‌ಗೆ ಕೊಡುವಾಗ ಗಮನಿಸಬೇಕಾದ್ದು ಕಟಾಫ್ (ಫಿಲ್ಟರ್ ಎಷ್ಟು ಎತ್ತರದವರೆಗಿನ ಸದ್ದನ್ನು ಬಿಡುತ್ತದೆ ಎಂಬ ಮಿತಿ) ಎಲ್ಲಿ ನಿಂತಿದೆ ಎಂಬುದು. ಅದು ಆಗಲೇ ಪೂರ್ತಿ ತೆರೆದಿದ್ದರೆ ಅಲೆಯ ಮೇಲಿನ ಅರ್ಧ ಕೇಳಿಸುವುದೇ ಇಲ್ಲ. ಹಾಗಾಗಿ ಡೆಪ್ತ್ ಕೊಡುವಾಗ ಕಟಾಫನ್ನು ಒಂದಿಷ್ಟು ಕೆಳಗಿಳಿಸುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟ ಪಲ್ಸ್ ವಿಡ್ತ್ ಮಾಡ್ಯುಲೇಶನ್, ಅಂದರೆ ಚೌಕಾಕಾರದ ಪಲ್ಸ್ ಅಲೆಯ ಅಗಲವನ್ನು ಎಲ್‌ಎಫ್‌ಒದಿಂದ ಓಲಾಡಿಸುವುದು. ಇರುವುದು ಒಂದೇ ಆಸಿಲೇಟರ್. ಅದರ ಪಲ್ಸ್ ಅಗಲವಾಗಿ, ಕಿರಿದಾಗಿ ಓಲಾಡುತ್ತಿದ್ದರೆ ಎರಡು ಆಸಿಲೇಟರ್‌ಗಳು ಶ್ರುತಿಯಲ್ಲಿ ಕೂದಲೆಳೆಯಷ್ಟು ತಪ್ಪಿ ನುಡಿದ ಹಾಗೆ ಕೇಳುತ್ತದೆ. ಇಲ್ಲೊಂದು ಲೆಕ್ಕವಿದೆ. 1 ಹರ್ಟ್ಸ್ ಟ್ರಯಾಂಗಲ್ ಅಲೆ ಪಲ್ಸಿನ ಅಗಲವನ್ನು ಒಂದು ಸುತ್ತಿನ ಶೇ 10ರಿಂದ ಶೇ 90ರವರೆಗೆ ಒಯ್ಯಲು ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತದೆ; ಅರ್ಧ ಸೆಕೆಂಡಿಗೆ 0.8 ಸುತ್ತು ಅಂದರೆ ಅದರಿಂದ ಹುಟ್ಟುವ ಶ್ರುತಿಯ ಅಂತರ ಸುಮಾರು 1.6 ಹರ್ಟ್ಸ್. ಯಾವ ಕೀ ಒತ್ತಿದರೂ ಇಷ್ಟೇ. 800 ಹರ್ಟ್ಸ್ ಸ್ವರದಲ್ಲಿ ಅದು 3–4 ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರವಾದ ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್), ಕಿವಿಗೆ ಹಿತ. 100 ಹರ್ಟ್ಸ್‌ನಲ್ಲಿ 27 ಸೆಂಟ್ ದಾಟುತ್ತದೆ, ಅಂದರೆ ಕಾಲು ಸೆಮಿಟೋನ್‌ಗೂ ಹೆಚ್ಚು; ಬೇಸ್ ಅಪಸ್ವರವಾಗಿ ಹಳಸುತ್ತದೆ. ಪ್ಯಾಡ್‌ಗೆ (ಹಿನ್ನೆಲೆಯ ಉದ್ದ ಸ್ವರಗಳ ಸೌಂಡ್‌ಗೆ) ಒಪ್ಪಿದ ರೇಟನ್ನು ಬೇಸ್‌ಗೆ ಹಾಗೇ ಬಿಡಬಾರದು ಎನ್ನುವುದು ಇದಕ್ಕೇ. ಬೇಸ್ ಆದರೆ ನಾನು 0.2 ಹರ್ಟ್ಸ್ ಆಸುಪಾಸಿಗೆ ಇಳಿಸುತ್ತೇನೆ, ಡೆಪ್ತನ್ನೂ ಅರ್ಧಕ್ಕೆ ತರುತ್ತೇನೆ. ಡೆಪ್ತ್ ಮಿತಿಮೀರಿ ಪಲ್ಸ್ ಶೇ 0 ಅಥವಾ ಶೇ 100 ಮುಟ್ಟಿದರೆ ಸದ್ದೇ ಮಾಯ. ಅಲೆಯ ತುದಿಗಳಲ್ಲಿ ದನಿ ಕಡಿದುಹೋಗುತ್ತಿದ್ದರೆ ಕಾರಣ ಅಲ್ಲೇ ಹುಡುಕಿ.

ಸ್ಕ್ವೇರ್ ಅಲೆಯನ್ನು ಶ್ರುತಿಗೆ ಕೊಟ್ಟರೆ ಟ್ರಿಲ್, ಅಂದರೆ ಎರಡು ಸ್ವರಗಳ ನಡುವೆ ಬೇಗಬೇಗ ಜಿಗಿತ. ಡೆಪ್ತನ್ನು ಸರಿಯಾಗಿ ಒಂದು ಸ್ವರಾಂತರಕ್ಕೆ ಕೂರಿಸಲು ತಾಳ್ಮೆ ಬೇಕು, ನನಗೆ ಅಷ್ಟೇನೂ ಇಲ್ಲ.

ತಾಳಕ್ಕೆ ಹೊಂದಿಸುವಾಗ ಟೆಂಪೊವನ್ನು 60ರಿಂದ ಭಾಗಿಸಿ ಶುರುಮಾಡುತ್ತೇನೆ: 120 ಬಿಪಿಎಂಗೆ (ನಿಮಿಷಕ್ಕೆ 120 ಬೀಟ್) ಬೀಟಿಗೊಂದು ಅಲೆ ಅಂದರೆ 2 ಹರ್ಟ್ಸ್. ಟೆಂಪೊಗೆ ಕಟ್ಟಿಹಾಕುವ ಕ್ಲಾಕ್ ಇಲ್ಲದ ಎಲ್‌ಎಫ್‌ಒ ನಾಲ್ಕಾರು ಬಾರ್‌ಗಳಲ್ಲಿ ಜಾರುವುದು ಖಂಡಿತ. ಕೀ ಒತ್ತಿದಾಗ ಅಲೆ ಎಲ್ಲಿರುತ್ತದೋ ಅಲ್ಲಿಂದಲೇ ಸ್ವರ ಎದ್ದೇಳುವುದರಿಂದ ಪ್ರತಿ ಟೇಕ್ ಬೇರೆಯೇ. ಹಾಗಾಗಿ ಒಂದೇ ಫ್ರೇಸನ್ನು ಮೂರ್ನಾಲ್ಕು ಸಲ ರೆಕಾರ್ಡ್ ಮಾಡಿ, ಮೊದಲ ಬೀಟಿನಲ್ಲಿ ಫಿಲ್ಟರ್ ತೆರೆದುಕೊಳ್ಳುವ ಟೇಕನ್ನು ಇಟ್ಟುಕೊಳ್ಳುತ್ತೇನೆ.