ಹಿಟ್ಟಿನ ಡಬ್ಬದಲ್ಲಿ ನೂಲು ಕಂಡರೆ

ಸಕಲೇಶಪುರದ ಮಳೆಗಾಲದಲ್ಲಿ ಅಡುಗೆಮನೆಯ ದೀಪದ ಸುತ್ತ ಕಂದು ರೆಕ್ಕೆಯ ಪುಟ್ಟ ಪತಂಗ ಸುತ್ತಿದರೆ, ನಾನು ಅದರ ಹಿಂದೆ ಓಡುವುದಿಲ್ಲ. ನೇರ ಡಬ್ಬಗಳನ್ನು ಇಳಿಸುತ್ತೇನೆ. ಹಾರುವ ಪತಂಗ ದಿನಸಿ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳ.

ರಾಗಿಹಿಟ್ಟು, ಅಕ್ಕಿತರಿ, ರವೆ, ಕಡಲೆಬೀಜ, ಒಣಮೆಣಸಿನಕಾಯಿ, ಗೋಡಂಬಿ ಎಲ್ಲವನ್ನೂ ತೆರೆದು ನೋಡಿ. ಹಿಟ್ಟು ಜೇಡರ ಬಲೆಯಂಥ ನೂಲಿಗೆ ಅಂಟಿ ಗಂಟಾಗಿದ್ದರೆ ಮೂಲ ಅಲ್ಲೇ. ಜರಡಿ ಹಿಡಿದು ಉಳಿಸಿಕೊಳ್ಳುವ ಆಸೆ ಬೇಡ, ಸಣ್ಣ ಮೊಟ್ಟೆಗಳು ಹಿಟ್ಟಿನೊಂದಿಗೇ ಇಳಿಯುತ್ತವೆ. ಚೀಲ ಬಿಗಿಯಾಗಿ ಕಟ್ಟಿ ಅಂದೇ ಮನೆಯಿಂದಾಚೆ ಹಾಕಿ.

ಇನ್ನು ಕಪಾಟು. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಇರುವುದು. ಬಲಿತ ಹುಳ ದಿನಸಿ ಬಿಟ್ಟು ತೆವಳಿ, ಹಲಗೆಯ ಸಂದಿ, ಮೊಳೆಯ ತೂತು, ಮುಚ್ಚಳದ ಅಂಚು, ಸೂರಿನ ಮೂಲೆಯಲ್ಲೂ ಗೂಡು ಕಟ್ಟುತ್ತದೆ. ಹಾಸಿದ ಪೇಪರ್ ಕಿತ್ತೆಸೆದು, ಹಳೇ ಬ್ರಶ್ಶಿನಿಂದ ಬಿಸಿ ಸೋಪುನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ದಿನಸಿಯ ಹತ್ತಿರ ಕೀಟನಾಶಕ ಸಿಂಪಡಿಸಲೇಬೇಡಿ.

ಬಯಲುಸೀಮೆಯ ಅರಸೀಕೆರೆ ಕಡೆಯವರು ದಿನಸಿಯನ್ನು ಬಿಸಿಲಿಗೆ ಹರವಿಕೊಳ್ಳುತ್ತಾರೆ. ನಮಗೆ ಆಷಾಢದಲ್ಲಿ ಬಿಸಿಲೆಲ್ಲಿ? ಚೆನ್ನಾಗಿರುವಂತೆ ಕಂಡ ಹಿಟ್ಟು, ರವೆಯನ್ನು ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 4ರಿಂದ 7 ದಿನ ಇಡಿ, ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಪೊಟ್ಟಣದ ತಣುಪು ಆರುವ ತನಕ ಬಿಚ್ಚಬೇಡಿ, ತೇವ ಒಳಗಿಳಿಯುತ್ತದೆ. ಆಮೇಲೆ ಬಿಗಿ ಮುಚ್ಚಳದ ಗಾಜು ಅಥವಾ ಸ್ಟೀಲ್ ಡಬ್ಬಕ್ಕೆ ತುಂಬಿ.

ಬೇವಿನೆಲೆಯನ್ನೇ ನಂಬಿ ಕೂರಬೇಡಿ. ಅಂಟುಬಲೆ ತೂಗುಹಾಕಬಹುದು, ಆದರೆ ಹೆಣ್ಣು ಪತಂಗದ ವಾಸನೆ ಸೂಸುವ ಬಿಲ್ಲೆಯಿರುವ ಬಲೆಗೆ ಗಂಡು ಪತಂಗ ಮಾತ್ರ ಬೀಳುತ್ತದೆ. ಅದರಲ್ಲಿ ಹೊಸದಾಗಿ ಪತಂಗ ಸಿಕ್ಕಿದರೆ ಡಬ್ಬಗಳನ್ನು ಮತ್ತೆ ಇಳಿಸಿ ನೋಡಿ.