ನಾರ್ಸ್ ದೇವತೆಗಳ ಆರಾಧನಾ ನಿಯಮ: ‘ಭಕ್ತಿ ಅಂಕ’ ಕೈಬಿಟ್ಟ ಮೇಲೆ ಆಟ ಕೂಡಿಬಂದ ಬಗೆ

ಮೂರು ವರ್ಷಗಳ ಹಿಂದೆ ನಮ್ಮ ರೋಲ್-ಪ್ಲೇಯಿಂಗ್ ಕ್ಯಾಂಪೇನಿಗೆ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಂತು ಕಂತಾಗಿ ಆಡುವ ಕಥೆಗೆ) 10ನೇ ಶತಮಾನದ ಕೊನೆಯ ಐಸ್‌ಲ್ಯಾಂಡನ್ನು ಆರಿಸಿಕೊಂಡೆ. ಹೂತ ಹೆಣ ಎದ್ದು ಬರುವ, ಬೆಟ್ಟದೊಳಗೆ ಟ್ರೋಲ್‌ಗಳಿರುವ ಐಸ್‌ಲ್ಯಾಂಡ್ ಅದು. ಅಲ್ಲಿನ ನಾರ್ಸ್ ದೇವತೆಗಳ, ಎಂದರೆ ಹಳೆಯ ಸ್ಕ್ಯಾಂಡಿನೇವಿಯದ ದೇವತೆಗಳ, ಆರಾಧನೆಗೆ ಹೊಸದಾಗಿ ನಿಯಮ ಬರೆಯುತ್ತೇನೆ ಎಂದಾಗ ಬೆಂಗಳೂರಿನಲ್ಲಿ ನನಗಿಂತ ಹೆಚ್ಚು ಕಾಲ ಆಟ ನಡೆಸಿದ ಇಬ್ಬರು ಗೇಮ್ ಮಾಸ್ಟರುಗಳು ಬೇಡವೆಂದರು. ಆಟಗಾರರು ಇಷ್ಟೆಲ್ಲ ಲೆಕ್ಕ ಇಡುವುದಿಲ್ಲ, ಕ್ಲೆರಿಕ್‌ನ (ಇಂಥ ಆಟಗಳಲ್ಲಿ ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ ಪಾತ್ರದ) ಮಂತ್ರಪಟ್ಟಿಗೆ ಥಾರ್, ಓಡಿನ್ ಎಂದು ಹೆಸರು ಹಚ್ಚಿದರೆ ಸಾಕು ಎಂಬುದು ಅವರ ಸಲಹೆಯಾಗಿತ್ತು. ಈಗ ನನ್ನ ನಿಯಮದಲ್ಲಿ ಎರಡು ಗುಂಪುಗಳು ಸೇರಿ ಸುಮಾರು 45 ಸೆಷನ್ ಆಡಿವೆ, ಆ ಇಬ್ಬರಲ್ಲಿ ಒಬ್ಬರು ಕಳೆದ ದೀಪಾವಳಿಯಿಂದ ತಮ್ಮ ಮೇಜಿನಲ್ಲಿಯೂ ಇದನ್ನೇ ನಡೆಸುತ್ತಿದ್ದಾರೆ.

ಮೊದಲ ಆವೃತ್ತಿಯಲ್ಲಿ ನಾನೂ ಅವರು ಹೇಳಿದ್ದನ್ನೇ ಮಾಡಿದ್ದೆ. ಥಾರನಿಗೆ ಸಿಡಿಲು, ಫ್ರೇಯರನಿಗೆ ಬೆಳೆ, ಓಡಿನ್ನನಿಗೆ ಯುದ್ಧ ಮತ್ತು ಗುಟ್ಟಿನ ವಿದ್ಯೆ ಎಂದು ಹಂಚಿ ಕೊಟ್ಟೆ. ಆರು ಆಟಗಾರರಲ್ಲಿ ಮೂವರು ಓಡಿನ್ನನನ್ನು, ಇಬ್ಬರು ಥಾರನನ್ನು ಆರಿಸಿಕೊಂಡರು, ಒಬ್ಬರು ಕುತಂತ್ರಿ ಲೋಕಿಯೇ ಬೇಕೆಂದು ಹಟ ಹಿಡಿದರು. ಹುಲ್ಲು ಮತ್ತು ಕುರಿಯನ್ನು ನಂಬಿ ಬದುಕುವ ದೇಶದಲ್ಲಿ ಮಳೆ-ಬಿಸಿಲು ಕೊಡುವ ಫ್ರೇಯರನನ್ನು ಯಾರೂ ಕೇಳಲಿಲ್ಲ. ಕ್ಲೆರಿಕ್ ಎಂಬ ವರ್ಗವೇ ಅಲ್ಲಿಗೆ ಹೊಂದುವುದಿಲ್ಲ ಎಂಬುದು ನಾಲ್ಕು ತಿಂಗಳ ನಂತರ ನನಗೆ ಖಚಿತವಾಯಿತು. ಐಸ್‌ಲ್ಯಾಂಡಿನಲ್ಲಿ ಪೂಜೆಯನ್ನೇ ವೃತ್ತಿಯಾಗಿಸಿಕೊಂಡ ಪುರೋಹಿತರ ವರ್ಗವಿರಲಿಲ್ಲ, ಬಲಿಯ ಹಬ್ಬ ನಡೆಸುತ್ತಿದ್ದ ಗೊಥಿಯೇ ನೆರೆಹೊರೆಯ ಜಗಳ ತೀರಿಸುವ, ಸಭೆಯಲ್ಲಿ ತನ್ನ ಜನರ ಪರವಾಗಿ ನಿಲ್ಲುವ ನಾಯಕನೂ ಆಗಿದ್ದ.

ಎರಡನೆಯ ಆವೃತ್ತಿಯೇ ನನಗೆ ಹೆಚ್ಚು ನಷ್ಟ ಮಾಡಿದ್ದು. ವರ್ಗವನ್ನು ತೆಗೆದುಹಾಕಿ ಪ್ರತಿಯೊಂದು ಪಾತ್ರಕ್ಕೂ ‘ಭಕ್ತಿ ಅಂಕ’ ಎಂಬುದನ್ನು ಕೊಟ್ಟೆ, ಬಲಿ ಕೊಟ್ಟರೆ ಅಂಕ, ಅಂಕ ಖರ್ಚು ಮಾಡಿದರೆ ವರ. ಒಂದೇ ಸಂಜೆಯಲ್ಲಿ ನನ್ನ ಆಟಗಾರರು 11 ಆಡುಗಳನ್ನು ಕಡಿದು, ಅಂಗಡಿಯಲ್ಲಿ ಸಾಮಾನು ಕೊಂಡ ಹಾಗೆ ಥಾರನಿಂದ ವರಗಳನ್ನು ಕೊಂಡುಕೊಂಡರು. ಅದಕ್ಕಿಂತ ದೊಡ್ಡ ತೊಡಕು ಆ ಪದದಿಂದಲೇ ಬಂತು. ಭಕ್ತಿ ಎಂದು ಬರೆದ ಕೂಡಲೇ ಆಟಗಾರರು ಕೈಮುಗಿದು, ಕಣ್ಣುಮುಚ್ಚಿ, ‘ತಂದೆಯೇ, ನಿನ್ನ ಪಾದವೇ ಗತಿ’ ಎಂದು ಮಾತಾಡತೊಡಗಿದರು. ನಮ್ಮ ಮನೆಯ ಭಾಷೆ ತನ್ನ ಭಾವವನ್ನೆಲ್ಲ ಹೊತ್ತು ಮೇಜಿಗೆ ಬಂದಿತ್ತು, ಐಸ್‌ಲ್ಯಾಂಡ್ ಮಾತ್ರ ಅಲ್ಲಿ ಇರಲಿಲ್ಲ. ಅಷ್ಟರಲ್ಲಿ ನಾನು 300 ಕಾರ್ಡುಗಳನ್ನು ಮುದ್ರಿಸಿ ಆಗಿತ್ತು, ಸುಮಾರು 4,200 ರೂಪಾಯಿ. ಅವುಗಳ ಹಿಂಬದಿಯಲ್ಲಿ ಈಗಲೂ ಟಿಪ್ಪಣಿ ಬರೆಯುತ್ತೇನೆ.

ದಾರಿ ತೋರಿಸಿದ್ದು ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಗಳಾದ ಸಾಗಾಗಳಲ್ಲಿ ಬರುವ ಥೊರೊಲ್ಫ್ ಮೊಸ್ಟ್ರಾರ್‌ಸ್ಕೆಗ್‌ನ ಕಥೆ. ನಾರ್ವೆಯ ರಾಜ ಹರಾಲ್ಡನ ಸಿಟ್ಟಿಗೆ ಗುರಿಯಾದ ಥೊರೊಲ್ಫ್ ದೊಡ್ಡ ಬಲಿ ಕೊಟ್ಟು, ರಾಜನೊಂದಿಗೆ ರಾಜಿಯಾಗಲೇ ಅಥವಾ ನಾಡು ಬಿಡಲೇ ಎಂದು ಥಾರನನ್ನು ಕೇಳುತ್ತಾನೆ. ಅಲ್ಲಿ ಥಾರನಿಗೆ ಬಳಸಿರುವ ಪದ ಒಡೆಯ ಎಂದಲ್ಲ, ತಂದೆ ಎಂದೂ ಅಲ್ಲ, ಆಪ್ತ ಗೆಳೆಯ ಎಂದು. ಐಸ್‌ಲ್ಯಾಂಡಿನ ತೀರ ಕಂಡಾಗ ಥೊರೊಲ್ಫ್ ತನ್ನ ಪೀಠದ ಕಂಬಗಳನ್ನು ಸಮುದ್ರಕ್ಕೆ ಎಸೆಯುತ್ತಾನೆ, ಥಾರನ ರೂಪ ಕೆತ್ತಿದ ಕಂಬ ಎಲ್ಲಿ ದಡ ಸೇರಿತೋ ಅಲ್ಲಿಯೇ ಮನೆ ಕಟ್ಟುತ್ತಾನೆ. ಈ ಗೆಳೆತನದ ಲೆಕ್ಕಾಚಾರವನ್ನು ಹಾವಮಾಲ್ ಎಂಬ ಹಳೆಯ ನಾರ್ಸ್ ಕಾವ್ಯ ಎರಡು ಮಾತಿನಲ್ಲಿ ಹೇಳುತ್ತದೆ: ಕಾಣಿಕೆ ಯಾವಾಗಲೂ ಮರುಕಾಣಿಕೆಯನ್ನು ನೋಡುತ್ತಿರುತ್ತದೆ, ಅತಿಯಾಗಿ ಬಲಿ ಕೊಡುವುದಕ್ಕಿಂತ ಬೇಡದೆ ಇರುವುದು ಲೇಸು. ಇದನ್ನು ಓದಿದ ರಾತ್ರಿಯೇ ನಾನು ಹಾಳೆಯ ಮೇಲಿದ್ದ ‘ಭಕ್ತಿ’ಯನ್ನು ಹೊಡೆದುಹಾಕಿ ‘ಋಣ’ ಎಂದು ಬರೆದೆ. ಹರಕೆ ಎಂಬ ಪದವೂ ಮನಸ್ಸಿಗೆ ಬಂದಿತ್ತು. ಆದರೆ ಹರಕೆಯಲ್ಲಿ ಕೆಲಸವಾದ ಮೇಲೆ ಒಪ್ಪಿಸುತ್ತೇವೆ, ಇಲ್ಲಿ ಹೆಚ್ಚಿನ ಸಲ ಕಾಣಿಕೆಯೇ ಮೊದಲು ಹೋಗುತ್ತದೆ.

ನಿಯಮದ ತಿರುಳು ಇಷ್ಟು. ಪಾತ್ರದ ಮುಂದೆ ದೇವತೆಗೊಂದು ತಟ್ಟೆ. ಪಾತ್ರವು ಒಬ್ಬ ದೇವತೆಗೆ ಕೊಟ್ಟದ್ದಕ್ಕೆ ಒಂದು ಕವಡೆ, ಆ ದೇವತೆಯಿಂದ ಪಡೆದದ್ದಕ್ಕೆ ಒಂದು ಹುಣಸೆಬೀಜ. (ಮೊದಲು 1,800 ರೂಪಾಯಿ ಕೊಟ್ಟು ಅಕ್ರಿಲಿಕ್ ಬಿಲ್ಲೆಗಳನ್ನು ಕತ್ತರಿಸಿ ತರಿಸಿದ್ದೆ, ಅವು ಜಾರಿ ಬೆರೆತುಹೋಗುತ್ತಿದ್ದವು.) ಕಾಣಿಕೆಯ ಬೆಲೆಯನ್ನು ಪೇಟೆಯ ದರದಲ್ಲಿ ಅಳೆಯುವುದಿಲ್ಲ, ಕೊಟ್ಟವನಿಗೆ ಅದು ಎಷ್ಟು ನೋಯುತ್ತದೆ ಎಂದು ಅಳೆಯುತ್ತೇನೆ. ಶ್ರೀಮಂತನ ಹತ್ತು ಕುರಿಗೆ ಒಂದು ಕವಡೆ, ಬಡವನ ಒಂದೇ ಎತ್ತಿಗೆ ಎರಡು, ಮತ್ತೆ ಸಿಗದ ವಸ್ತುವಿಗೆ ಮೂರು. ಬೇಡುವಾಗ ಎರಡು ಆರುಮುಖದ ದಾಳ ಎಸೆದು, ಕವಡೆಯಿಂದ ಬೀಜ ಕಳೆದು ಉಳಿದದ್ದನ್ನು ಕೂಡಿಸಬೇಕು, 9 ಮುಟ್ಟಿದರೆ ದೇವತೆ ಒಪ್ಪಿದಂತೆ. ವ್ಯತ್ಯಾಸ ಯಾವ ಕಡೆಗೇ ಆಗಲಿ ಮೂರು ಮುಟ್ಟಿದರೆ ದೇವತೆ ತಾನಾಗಿ ಕೈಹಾಕುತ್ತಾನೆ. ಬೀಜ ಹೆಚ್ಚಾದರೆ ಸಾಲ ಕೇಳಲು ಬರುತ್ತಾನೆ, ಇದನ್ನು ಎಲ್ಲರೂ ಊಹಿಸುತ್ತಾರೆ. ಕವಡೆ ಹೆಚ್ಚಾದರೂ ಬರುತ್ತಾನೆ, ಬೇಡದ ಮರುಕಾಣಿಕೆಯನ್ನು ತನ್ನ ಇಷ್ಟದಂತೆ ಕೊಟ್ಟು ಹೋಗುತ್ತಾನೆ. ಆಡುಗಳ ಅಂಗಡಿ ಮುಚ್ಚಿದ್ದು ಈ ಒಂದು ಸಾಲಿನಿಂದ.

ಇದು ಮೇಜಿನಲ್ಲಿ ಮೊದಲ ಬಾರಿಗೆ ಕೆಲಸ ಮಾಡಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಆಟಗಾರ್ತಿಯ ಪಾತ್ರ ವಿಧವೆ, ನೆರೆಯವನು ಅವಳ ಹುಲ್ಲುಗಾವಲನ್ನು ನ್ಯಾಯಸಭೆಯಲ್ಲಿ ಗೆದ್ದುಕೊಂಡಿದ್ದ. ಅವಳು ಉಳಿದಿದ್ದ ಒಂದೇ ಎತ್ತನ್ನು ಫ್ರೇಯರನ ಗುಡಿಗೆ ಹೊಡೆದುಕೊಂಡು ಹೋಗಿ, ತಾನು ಈ ನೆಲ ಬಿಟ್ಟಂತೆಯೇ ಅವನೂ ಬಿಡಬೇಕೆಂದು ಕೇಳಿದಳು. ಸ್ಟೀಲ್ ತಟ್ಟೆಯ ಮೇಲೆ ಮೊದಲೇ ಒಂದು ಕವಡೆ ಇತ್ತು, ಈಗ ಎರಡು ಬಿದ್ದವು. ಆ ಸದ್ದಿಗೆ ಉಳಿದ ಐವರೂ ಫೋನುಗಳನ್ನು ಕೆಳಗಿಟ್ಟರು. ಎತ್ತು ಒಮ್ಮೆ ಜೋರಾಗಿ ಕೂಗಿ, ಕತ್ತಿ ತಾಗುವ ಮೊದಲೇ ಸತ್ತು ಬಿತ್ತು ಎಂದು ಹೇಳಿ ನಾನು ಸುಮ್ಮನಾದೆ. ‘ಇದು ಒಳ್ಳೆಯ ಶಕುನವೋ, ಕೆಟ್ಟದ್ದೋ?’ ಎಂದು ಅವಳು ಕೇಳಿದಳು. ಉತ್ತರ ಸಿಕ್ಕಿದ್ದು ನಾಲ್ಕು ಸೆಷನ್ ಕಳೆದ ಮೇಲೆ. ಈ ಎತ್ತನ್ನು ನಾನು ಗ್ಲೂಮ್‌ನ ಸಾಗಾದಿಂದ ಎರವಲು ಪಡೆದೆ, ಅಲ್ಲಿಯೂ ನೆಲ ಕಳೆದುಕೊಂಡವನ ಎತ್ತು ಹೀಗೆಯೇ ಬೀಳುತ್ತದೆ.

ಓಡಿನ್ನನಿಗೆ ಮಾತ್ರ ನಿಯಮ ಬೇರೆ. ಸ್ಟಾರ್ಕಾಡ್ ಎಂಬ ವೀರ ತನ್ನ ರಾಜ ವಿಕಾರನನ್ನು ಓಡಿನ್ನನಿಗೆ ಹುಸಿ ಬಲಿ ಕೊಡುವ ಕಥೆ ನಿಮಗೆ ಗೊತ್ತಿರಬಹುದು: ಕೊರಳಿಗೆ ಕರುವಿನ ಕರುಳು, ಚುಚ್ಚಲು ಜೊಂಡಿನ ಕಡ್ಡಿ, ಆದರೆ ಆ ಗಳಿಗೆಯಲ್ಲಿ ಕರುಳು ಗಟ್ಟಿ ಕುಣಿಕೆಯಾಗಿ, ಕಡ್ಡಿ ಈಟಿಯಾಗಿ ರಾಜ ನಿಜವಾಗಿಯೇ ಸಾಯುತ್ತಾನೆ. ಆದ್ದರಿಂದ ಓಡಿನ್ನನ ಮರುಕಾಣಿಕೆಯನ್ನು ನಾನು ಮಾತಿನಲ್ಲಿ ಕೊಡುವುದಿಲ್ಲ, 12 ಕಾರ್ಡುಗಳಿಂದ ಆಟಗಾರನೇ ಎತ್ತಬೇಕು. ಆ ಕಾರ್ಡುಗಳಲ್ಲಿ ಏನಿದೆ ಎಂಬುದನ್ನೂ ಅವುಗಳನ್ನು ಜೋಡಿಸುವ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಆಟಗಾರರು ಇದನ್ನು ಓದುತ್ತಾರೆ. ಮೊದಲು ಓಡಿನ್ನನನ್ನು ಆರಿಸಿಕೊಂಡಿದ್ದ ಮೂವರಲ್ಲಿ ಇಬ್ಬರು ಈಗ ಅವನ ಹೆಸರೆತ್ತುವ ಮೊದಲು ಯೋಚಿಸುತ್ತಾರೆ ಎಂಬಷ್ಟನ್ನು ಹೇಳಬಲ್ಲೆ.

ದೇವತೆಯನ್ನು ಬಿಡುವವನಿಗೆ ದಂಡ ಇರಬೇಕೆಂದು ಬಹಳ ಜನ ವಾದಿಸಿದರು, ನಾನು ಒಪ್ಪಲಿಲ್ಲ. ಇನ್ನೊಂದು ಸಾಗಾದ ನಾಯಕ ಹ್ರಾಫ್ನ್‌ಕೆಲ್ ತನ್ನ ಪ್ರೀತಿಯ ಕುದುರೆ ಫ್ರೇಫಾಕ್ಸಿಯನ್ನು ಫ್ರೇಯರನೊಂದಿಗೆ ಹಂಚಿಕೊಂಡಿದ್ದ, ಅದನ್ನು ಏರಿದವನನ್ನು ಆಣೆಯಂತೆ ಕೊಂದ. ಕೊನೆಗೆ ಕುದುರೆಯೂ ಹೋಗಿ, ಗುಡಿಯೂ ಸುಟ್ಟಾಗ ದೇವರುಗಳನ್ನು ನಂಬುವುದು ಮರುಳುತನ ಎಂದು ಹೇಳಿ ಮತ್ತೆಂದೂ ಬಲಿ ಕೊಡಲಿಲ್ಲ, ಆಮೇಲೆ ಅವನು ಮತ್ತೆ ಏಳಿಗೆಗೆ ಬಂದ. ಮುನಿಸಿಕೊಳ್ಳಲು ಆಸ್ಪದವಿಲ್ಲದ ಗೆಳೆತನ ಗೆಳೆತನವೇ ಅಲ್ಲ. ಹೀಗಾಗಿ ನನ್ನ ನಿಯಮದಲ್ಲಿ ತಟ್ಟೆಯನ್ನು ಕವುಚಿಹಾಕಿ ಎದ್ದುಹೋಗಬಹುದು.

ಲೋಕಿಗೆ ನಾನು ತಟ್ಟೆಯನ್ನೇ ಕೊಟ್ಟಿಲ್ಲ. ಅವನಿಗೆ ಯಾರಾದರೂ ಗುಡಿ ಕಟ್ಟಿದರು, ಬಲಿ ಕೊಟ್ಟರು ಎಂಬುದಕ್ಕೆ ಆಧಾರವಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಉಲ್ ಎಂಬ ದೇವತೆಯ ಕಥೆಗಳು ಹೆಚ್ಚೇನೂ ಉಳಿದಿಲ್ಲ, ಆದರೆ ಸ್ವೀಡನ್ ಮತ್ತು ನಾರ್ವೆಯ ಎಷ್ಟೋ ಊರುಗಳ ಹೆಸರಿನಲ್ಲಿ ಅವನಿದ್ದಾನೆ, ಹಳೆಯ ಕಾವ್ಯದಲ್ಲಿ ಅವನ ಉಂಗುರದ ಮೇಲೆ ಆಣೆ ಇಡುತ್ತಾರೆ. ಥೊರೊಲ್ಫ್‌ನ ಗುಡಿಯಲ್ಲಿಯೂ ಆಣೆಯ ಉಂಗುರವೊಂದು ಪೀಠದ ಮೇಲಿತ್ತು. ನಾನು ಚಿಕ್ಕಪೇಟೆಯಲ್ಲಿ 180 ರೂಪಾಯಿಗೆ ಒಂದು ದಪ್ಪ ಹಿತ್ತಾಳೆ ಕಡಗ ತಂದು ಮೇಜಿನ ನಡುವೆ ಇಟ್ಟೆ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತೆಲ್ಲ ಪಾತ್ರದ ಆಣೆಯೇ ಎಂಬುದು ನಿಯಮ. ಈ ಪ್ರಯತ್ನಗಳಲ್ಲೆಲ್ಲ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಈ ಕಡಗ.

ನಡುವೆ ಕೆಲವು ಅಡ್ಡಪ್ರಯೋಗಗಳನ್ನೂ ಮಾಡಿದೆ. ರೋಮಿನ ಟ್ಯಾಸಿಟಸ್ 1ನೇ ಶತಮಾನದ ಕೊನೆಯಲ್ಲಿ ಜರ್ಮಾನಿಕ್ ಜನರ ಬಗ್ಗೆ ಬರೆಯುವಾಗ, ಫಲ ಬಿಡುವ ಮರದ ಕಡ್ಡಿಗಳಿಗೆ ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲಿ, ಮೂರನ್ನು ಎತ್ತಿ ಶಕುನ ನೋಡುತ್ತಿದ್ದರೆಂದು ಹೇಳಿದ್ದಾನೆ. ದಾಳದ ಬದಲು ಅದನ್ನೇ ಮಾಡೋಣವೆಂದು ಸೀಬೆ ಕಡ್ಡಿಗಳನ್ನು ಸೀಳಿ, ಪಂಚೆ ಹಾಸಿ ನೋಡಿದೆ. ಪ್ರತಿ ಶಕುನಕ್ಕೂ ನಾಲ್ಕು ನಿಮಿಷ ಹಿಡಿಯಿತು. ಈಗ ಅದನ್ನು ಕ್ಯಾಂಪೇನಿನ ಮೊದಲ ದಿನ ಮಾತ್ರ ಇಟ್ಟುಕೊಂಡಿದ್ದೇನೆ. ಚಳಿಗಾಲದ ಆರಂಭ, ನಡುಚಳಿ, ಬೇಸಿಗೆ ಎಂದು ವರ್ಷದ ಮೂರು ಬಲಿಹಬ್ಬಗಳಿಗೆ ಒಂಬತ್ತು ಪುಟಗಳ ಕೋಷ್ಟಕ ಬರೆದದ್ದೂ ವ್ಯರ್ಥವಾಯಿತು, ಹಬ್ಬಕ್ಕೊಂದು ಸಾಲು ಸಾಕಾಯಿತು.

ಕ್ರೈಸ್ತಧರ್ಮವನ್ನು ಸೇರಿಸುವುದು ಕಷ್ಟವಾಗಬಹುದೆಂದು ಹೆದರಿದ್ದೆ, ಆದರೆ ಇದು ಸುಲಭವಾಗಿ ಕೂಡಿಕೊಂಡಿತು. ಐಸ್‌ಲ್ಯಾಂಡಿಗೆ ವಲಸೆ ಬಂದ ಹೆಲ್ಗಿ ಕ್ರಿಸ್ತನನ್ನು ನಂಬಿದ್ದರೂ ಸಮುದ್ರಯಾನಕ್ಕೂ ಕಷ್ಟದ ಕೆಲಸಗಳಿಗೂ ಥಾರನನ್ನೇ ಕರೆಯುತ್ತಿದ್ದ. ಡೆನ್ಮಾರ್ಕಿನ ಟ್ರೆಂಡ್‌ಗಾರ್ಡನ್‌ನಲ್ಲಿ ಸಿಕ್ಕ ಬಳಪದ ಕಲ್ಲಿನ ಅಚ್ಚಿನಲ್ಲಿ ಶಿಲುಬೆ ಮತ್ತು ಥಾರನ ಸುತ್ತಿಗೆ ಎರಡನ್ನೂ ಎರಕ ಹೊಯ್ಯಬಹುದಿತ್ತು. ಹಾಗಾಗಿ ಒಂದೇ ಪಾತ್ರದ ಮುಂದೆ ಎರಡು ತಟ್ಟೆ ಇರಬಹುದು. 1000ದ ಆಸುಪಾಸಿನಲ್ಲಿ ಐಸ್‌ಲ್ಯಾಂಡಿನ ಸಭೆ ಹೊಸ ಧರ್ಮವನ್ನು ಒಪ್ಪಿದಾಗಲೂ ಗುಟ್ಟಾಗಿ ಬಲಿ ಕೊಡಲು ಮೊದಲಿಗೆ ಅವಕಾಶ ಉಳಿಸಿದ್ದರು. ನಮ್ಮ ಕ್ಯಾಂಪೇನ್ ಆ ವರ್ಷವನ್ನು ತಲುಪಿದಾಗ ತಟ್ಟೆಗಳು ಮೇಜಿನ ಕೆಳಗೆ ಹೋಗುತ್ತವೆ.

ಹಣದ ಮಾತು. ವ್ಯರ್ಥವಾದ ಕಾರ್ಡು ಮತ್ತು ಬಿಲ್ಲೆ, ಸುಮಾರು 6,000ದ ಪುಸ್ತಕಗಳು, ಮೊದಲ ಹತ್ತು ಸೆಷನ್‌ಗಳ ಕೋಣೆ ಬಾಡಿಗೆ ಎಲ್ಲ ಸೇರಿ 16,000 ರೂಪಾಯಿಯಷ್ಟು ಕೈಬಿಟ್ಟಿತು. ಆಮೇಲೆ 64 ಪುಟಗಳ ಕೈಪಿಡಿಯ 120 ಪ್ರತಿ ಮಾಡಿಸಿದೆ, ಒಂದಕ್ಕೆ 95 ರೂಪಾಯಿ ಬಿತ್ತು. 250ರಂತೆ 90 ಪ್ರತಿ ಮಾರಿ, ಉಳಿದದ್ದನ್ನು ಹಂಚಿದೆ. ಮುದ್ರಣದ ಖರ್ಚು ಕಳೆದು 11,000 ಬಂತು, ಇನ್ನೂ ಐದು ಸಾವಿರ ಬರಬೇಕು.

ಈಗ ಕೈಯಲ್ಲಿರುವುದು ಭವಿಷ್ಯ ಹೇಳುವ ಸೇಯ್ಡ್ ವಿದ್ಯೆಯ ನಿಯಮ. ಒಂದು ಸಾಗಾದಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ ಬರಗಾಲ ಬಂದಾಗ ಬೆಕ್ಕಿನ ಚರ್ಮದ ಕೈಗವಸು ತೊಟ್ಟ ಥೋರ್‌ಬ್ಯೋರ್ಗ್ ಎಂಬ ಕಣಿಗಾರ್ತಿಯನ್ನು ಕರೆಸುತ್ತಾರೆ. ಅವಳಿಗೆ ಬೇಕಾದ ಹಾಡು ಅಲ್ಲಿ ಗೊತ್ತಿದ್ದದ್ದು ಕ್ರೈಸ್ತಳಾಗಿದ್ದ ಗುಡ್ರಿಡ್‌ಗೆ ಮಾತ್ರ, ಅವಳು ಮೊದಲು ಒಲ್ಲೆನೆಂದು ಕೊನೆಗೆ ಹಾಡುತ್ತಾಳೆ. ಹಾಗಾಗಿ ನನ್ನ ನಿಯಮದಲ್ಲಿ ಕಣಿ ಕೇಳಬೇಕಾದರೆ ಬೇರೊಬ್ಬ ಆಟಗಾರ ನಿಜವಾಗಿಯೇ ಹಾಡಬೇಕು. ಮೊದಲ ಸಲ ಯಾರೂ ಬಾಯಿ ತೆರೆಯಲಿಲ್ಲ. ಎರಡನೆಯ ಸಲ, ವಿಧವೆಯ ಪಾತ್ರ ಮಾಡುವ ಅದೇ ಆಟಗಾರ್ತಿ ತನ್ನ ಅಜ್ಜಿಯ ಬೀಸುವ ಪದವೊಂದರ ಧಾಟಿಯನ್ನು ಮಾತಿಲ್ಲದೆ ಗುನುಗಿದಳು, ಪಕ್ಕದವನು ದಾಳ ಮುಟ್ಟದೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತ ಹೋದ. ಹಾಡು ನಿಲ್ಲುವವರೆಗೆ ಎಷ್ಟು ಪ್ರಶ್ನೆಗಳನ್ನಾದರೂ ಕೇಳಬಹುದು, ಪ್ರಶ್ನೆಗೊಂದು ಹುಣಸೆಬೀಜ ಹಾಡಿದವಳ ತಟ್ಟೆಗೆ ಬೀಳುತ್ತದೆ ಎಂದು ಆ ರಾತ್ರಿಯೇ ಬರೆದುಕೊಂಡೆ.